162 ಪಂದ್ಯ, 121 ಸೋಲು: ಶಿಕಾಗೊದ ಬೇಸ್‌ಬಾಲ್ ತಂಡವೊಂದು ಇಷ್ಟು ಕೆಳಗಿಳಿದದ್ದು ಹೇಗೆ?

2025ರ ಜೂನ್‌ನಲ್ಲಿ ವ್ಯಾಟಿಕನ್‌ನಿಂದ ಬಂದ ಚಿತ್ರವೊಂದು ಹಲವು ದೇಶಗಳ ಪತ್ರಿಕೆಗಳಲ್ಲಿ ಅಚ್ಚಾಯಿತು. ಬಿಳಿ ನಿಲುವಂಗಿ ತೊಟ್ಟ ಪೋಪ್ ಹದಿನಾಲ್ಕನೆಯ ಲಿಯೊ ಅವರ ತಲೆಯ ಮೇಲೆ ಕಪ್ಪು ಟೋಪಿ. ಅದು ಶಿಕಾಗೊ ವೈಟ್ ಸಾಕ್ಸ್ ಎಂಬ ಬೇಸ್‌ಬಾಲ್ ತಂಡದ ಟೋಪಿ. ಪೋಪ್ ಬೆಳೆದದ್ದು ಶಿಕಾಗೊ ನಗರದ ದಕ್ಷಿಣದ ಹೊರವಲಯದಲ್ಲಿ. 2005ರಲ್ಲಿ ಈ ತಂಡ ಅಂತಿಮ ಸರಣಿ ಆಡಿದಾಗ ಮೊದಲ ಪಂದ್ಯವನ್ನು ಅವರು ಪ್ರೇಕ್ಷಕರ ನಡುವೆ ಕುಳಿತು ನೋಡಿದ್ದರು. ಶಿಕಾಗೊ ಎಂದರೆ ವಿವೇಕಾನಂದರ ಭಾಷಣವನ್ನೇ ನೆನೆಯುವ ನಮ್ಮಲ್ಲಿ ಅನೇಕರು ಈ ತಂಡದ ಹೆಸರು ಕೇಳಿದ್ದು ಆಗಲೇ. ಅದರ ಜೊತೆಗೇ ಇನ್ನೊಂದು ಸಂಗತಿಯೂ ಕಿವಿಗೆ ಬಿತ್ತು: ಹಿಂದಿನ ವರ್ಷ, ಅಂದರೆ 2024ರಲ್ಲಿ, ಇದೇ ತಂಡ ಒಂದೇ ಋತುವಿನಲ್ಲಿ 121 ಪಂದ್ಯಗಳನ್ನು ಸೋತಿತ್ತು.

ನೂರಿಪ್ಪತ್ತೊಂದು ಸೋಲು! ಹಾಗಾದರೆ ಇವರು ಆಡುವುದಾದರೂ ಎಷ್ಟು ಪಂದ್ಯ? ಕೋಟ್ಯಂತರ ರೂಪಾಯಿ ಸಂಬಳ ಪಡೆಯುವ ಆಟಗಾರರ ತಂಡ ಇಷ್ಟು ಸೋಲಲು ಸಾಧ್ಯವೇ? ಆಟವೇ ಪರಿಚಯವಿಲ್ಲದಿದ್ದರೆ ಈ ಸಂಖ್ಯೆಯ ಭಾರ ತಿಳಿಯುವುದಿಲ್ಲ. ಹಾಗಾಗಿ ಆಟದಿಂದಲೇ ಆರಂಭಿಸೋಣ.

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್

ಬೇಸ್‌ಬಾಲ್ ಪಂದ್ಯದಲ್ಲಿ ಎರಡೂ ತಂಡಗಳಿಗೆ ಒಂಬತ್ತೊಂಬತ್ತು ಸಲ ಬ್ಯಾಟಿಂಗ್ ಸಿಗುತ್ತದೆ. ಪ್ರತಿ ಸಲವೂ ಮೂವರು ಔಟಾದರೆ ಸರದಿ ಮುಗಿಯಿತು; ಇಂಥ ಒಂದೊಂದು ಸರದಿಯೇ ಇಲ್ಲಿ ಇನಿಂಗ್ಸ್. ನಮ್ಮ ಬೌಲರ್‌ನ ಜಾಗದಲ್ಲಿ ಇಲ್ಲಿ ಪಿಚರ್ ಇರುತ್ತಾನೆ. ಅವನ ಚೆಂಡು ನೆಲಕ್ಕೆ ತಾಗದೆ ನೇರವಾಗಿ ಬ್ಯಾಟರ್‌ನತ್ತ ಬರುತ್ತದೆ. ಬ್ಯಾಟು ಒನಕೆಯಂತೆ ದುಂಡಗಿರುತ್ತದೆ. ಚೆಂಡನ್ನು ಹೊಡೆದು, ಚೌಕದ ಮೂಲೆಗಳಲ್ಲಿರುವ ಬೇಸ್‌ಗಳನ್ನು ಒಂದೊಂದಾಗಿ ಮುಟ್ಟಿ, ಹೊರಟ ಜಾಗಕ್ಕೇ ಮರಳಿದರೆ ಒಂದು ರನ್. ನಮ್ಮ ಸಿಕ್ಸರ್‌ನ ಹಾಗೆ ಚೆಂಡು ಬೇಲಿ ದಾಟಿದರೆ ಅದು ಹೋಮ್ ರನ್.

ದುಂಡಗಿನ ಚೆಂಡನ್ನು ದುಂಡಗಿನ ಬ್ಯಾಟಿನಿಂದ ಸರಿಯಾಗಿ ಹೊಡೆಯುವುದು ಬಹಳ ಕಷ್ಟ. ಹತ್ತು ಸಲ ಪ್ರಯತ್ನಿಸಿ ಮೂರು ಸಲ ಯಶಸ್ವಿಯಾಗುವವನನ್ನು ಶ್ರೇಷ್ಠ ಬ್ಯಾಟರ್ ಎನ್ನುತ್ತಾರೆ. ಕ್ರಿಕೆಟ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇನ್ನೊಂದು. ಕ್ರಿಕೆಟ್‌ನಲ್ಲಿ ಲಯ ಕಂಡುಕೊಂಡ ಬ್ಯಾಟರ್ ಔಟಾಗುವ ತನಕ ಆಡುತ್ತಲೇ ಇರಬಹುದು. ಕೊಹ್ಲಿ ಒಬ್ಬರೇ ನಿಂತು ಪಂದ್ಯ ಗೆಲ್ಲಿಸಿದ ಸಂಜೆಗಳು ನಮಗೆಲ್ಲ ನೆನಪಿವೆ. ಬೇಸ್‌ಬಾಲ್‌ನಲ್ಲಿ ಅದಕ್ಕೆ ಆಸ್ಪದವಿಲ್ಲ. ಒಂಬತ್ತು ಬ್ಯಾಟರ್‌ಗಳು ನಿಗದಿತ ಕ್ರಮದಲ್ಲಿ ಬರಬೇಕು. ಹೋಮ್ ರನ್ ಹೊಡೆದವನೂ ಉಳಿದ ಎಂಟು ಮಂದಿಯ ಸರದಿ ಮುಗಿಯುವವರೆಗೆ ಬೆಂಚಿನಲ್ಲಿ ಕಾಯಬೇಕು. ಪಿಚರ್‌ಗಳ ಮಟ್ಟಿಗೂ ಹಾಗೆಯೇ. ಪಂದ್ಯವನ್ನು ಆರಂಭಿಸುವ ಪಿಚರ್ ಒಂದು ದಿನ ಸುಮಾರು ನೂರು ಚೆಂಡು ಎಸೆದನೆಂದರೆ ಅವನ ತೋಳಿಗೆ ನಾಲ್ಕೈದು ದಿನ ವಿಶ್ರಾಂತಿ ಬೇಕು. ಅದಕ್ಕಾಗಿ ತಂಡಗಳು ಸಾಮಾನ್ಯವಾಗಿ ಐವರು ಪಿಚರ್‌ಗಳನ್ನು ಸರದಿಯಲ್ಲಿ ಇಳಿಸುತ್ತವೆ. ಅವರು ದಣಿದಾಗ ಬಂದು ಪಂದ್ಯ ಮುಗಿಸಿಕೊಡುವ ಪಿಚರ್‌ಗಳ ಗುಂಪಿಗೆ ಬುಲ್‌ಪೆನ್ ಎಂದು ಹೆಸರು.

ಆದ್ದರಿಂದ ಒಬ್ಬ ತಾರೆ ತಂಡವನ್ನು ಎತ್ತಿ ನಿಲ್ಲಿಸಲಾರ. ಎಷ್ಟೇ ದುರ್ಬಲ ತಂಡವಾದರೂ ಆಗೊಮ್ಮೆ ಈಗೊಮ್ಮೆ ಗೆಲ್ಲುತ್ತದೆ, ಬಲಿಷ್ಠ ತಂಡವೂ ಆಗಾಗ ಸೋಲುತ್ತದೆ. 2024ರಲ್ಲಿ ಚಾಂಪಿಯನ್ ಆದ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಲೀಗ್ ಹಂತದಲ್ಲಿ 98 ಪಂದ್ಯ ಗೆದ್ದು 64ರಲ್ಲಿ ಸೋತಿತ್ತು. ಆ ವರ್ಷ ಅಮೆರಿಕದ ಮೇಜರ್ ಲೀಗ್‌ನ 30 ತಂಡಗಳಲ್ಲಿ ಅದಕ್ಕಿಂತ ಹೆಚ್ಚು ಗೆದ್ದವರು ಯಾರೂ ಇರಲಿಲ್ಲ. ಅತ್ಯುತ್ತಮ ತಂಡವೇ 64 ಸಲ ಸೋಲುವ ಆಟವಿದು.

ನೂರರವತ್ತೆರಡು ಪಂದ್ಯಗಳ ಅರ್ಥ

ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿ ತಂಡವೂ 162 ಪಂದ್ಯ ಆಡುತ್ತದೆ. ವಾರಕ್ಕೆ ಆರು ದಿನ ಆಟ, ಆರು ತಿಂಗಳು. ಡ್ರಾ ಎಂಬುದಿಲ್ಲ, ಸಮಬಲವಾದರೆ ಇತ್ಯರ್ಥವಾಗುವ ತನಕ ಆಡಿಸುತ್ತಾರೆ. ಎಂಥ ತಂಡವೂ 54 ಪಂದ್ಯ ಗೆದ್ದೇ ಗೆಲ್ಲುತ್ತದೆ, 54 ಸೋತೇ ಸೋಲುತ್ತದೆ, ಉಳಿದ 54ರಲ್ಲಿ ಏನು ಮಾಡುತ್ತದೆ ಎಂಬುದೇ ಋತುವಿನ ಕಥೆ ಎಂಬ ಹಳೆಯ ಮಾತೊಂದು ಅಲ್ಲಿನ ಆಟಗಾರರಲ್ಲಿದೆ. ವೈಟ್ ಸಾಕ್ಸ್ ಗೆದ್ದದ್ದು 41. ಆ ಖಾತ್ರಿಯ 54ನ್ನೂ ಅವರಿಂದ ಮುಟ್ಟಲಾಗಲಿಲ್ಲ.

ನಮಗೆ ಹತ್ತಿರದ ಉದಾಹರಣೆ ನೋಡೋಣ. 2017ರ ಐಪಿಎಲ್‌ನಲ್ಲಿ ನಮ್ಮ ಆರ್‌ಸಿಬಿ 14 ಪಂದ್ಯಗಳಲ್ಲಿ ಗೆದ್ದದ್ದು ಮೂರೇ. ಹತ್ತರಲ್ಲಿ ಸೋಲು, ಒಂದು ಫಲಿತಾಂಶವಿಲ್ಲದೆ ಮುಗಿಯಿತು. ಈಡನ್ ಗಾರ್ಡನ್ಸ್‌ನಲ್ಲಿ 49 ರನ್‌ಗೆ ಆಲೌಟ್ ಆದದ್ದು ಅದೇ ವರ್ಷ. ಗೆಲುವಿನ ಶೇಕಡಾವಾರು ನೋಡಿದರೆ ಆರ್‌ಸಿಬಿಯದು ವೈಟ್ ಸಾಕ್ಸ್‌ನ 41-121ಕ್ಕಿಂತಲೂ ಕೊಂಚ ಕಡಿಮೆ. ಆದರೂ ಎರಡೂ ಒಂದೇ ಅಲ್ಲ. ಹದಿನಾಲ್ಕು ಪಂದ್ಯಗಳೆಂದರೆ ಏಳು ವಾರ. ಇಬ್ಬರು ಗಾಯಗೊಂಡರೆ, ನಾಲ್ಕು ಟಾಸ್ ಸೋತರೆ, ಒಂದು ಮಳೆ ಬಂದರೆ ಪಟ್ಟಿ ತಲೆಕೆಳಗಾಗುತ್ತದೆ. ನಾಣ್ಯವನ್ನು ಹತ್ತು ಸಲ ಚಿಮ್ಮಿದಾಗ ಏಳೆಂಟು ಸಲ ಒಂದೇ ಮುಖ ಬೀಳುವುದು ಅಪರೂಪವಲ್ಲ. ನೂರರವತ್ತು ಸಲ ಚಿಮ್ಮಿ ನೂರಿಪ್ಪತ್ತು ಸಲ ಅದೇ ಮುಖ ಬಿದ್ದರೆ ನಾಣ್ಯವನ್ನೇ ಎತ್ತಿ ಪರೀಕ್ಷಿಸಬೇಕಾಗುತ್ತದೆ. ಅಷ್ಟು ದೀರ್ಘ ಋತುವಿನಲ್ಲಿ ಅದೃಷ್ಟ ದುರದೃಷ್ಟಗಳು ಬಹುಮಟ್ಟಿಗೆ ಒಂದನ್ನೊಂದು ಸರಿದೂಗಿಸುತ್ತವೆ. ಉಳಿಯುವುದು ತಂಡದ ನಿಜವಾದ ಶಕ್ತಿ.

ದಿನಕ್ಕೆ ಎರಡು ರನ್‌ಗಿಂತಲೂ ಕಡಿಮೆ

ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಆಶ್ಚರ್ಯ ತಂದದ್ದು ಒಂದು ಸಣ್ಣ ಭಾಗಾಕಾರ. 2024ರಲ್ಲಿ ವೈಟ್ ಸಾಕ್ಸ್ ಗಳಿಸಿದ ರನ್ 507, ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು 813. ಕೊರತೆ 306. ಇದನ್ನು 162ರಿಂದ ಭಾಗಿಸಿದರೆ ಪಂದ್ಯಕ್ಕೆ 1.9 ಕೂಡ ಬರುವುದಿಲ್ಲ. ಅಂದರೆ ದಿನನಿತ್ಯದ ಸರಾಸರಿ ಪಂದ್ಯ 5-3ರ ಆಸುಪಾಸಿನದು. ಅಂಥ ಒಂದು ಪಂದ್ಯವನ್ನು ಮಾತ್ರ ನೋಡಿದವರು ಇದೊಂದು ಸಾಧಾರಣ ಸೋಲು ಎಂದುಕೊಂಡು ಎದ್ದು ಹೋಗುತ್ತಾರೆ.

ಊರಿನ ಕಿರಾಣಿ ಅಂಗಡಿ ನಡೆಸುವವರಿಗೆ ಇದು ಬೇಗ ಅರ್ಥವಾದೀತು. ಒಂದು ದಿನ ವ್ಯಾಪಾರ ಕಡಿಮೆಯಾಗಿ ಇನ್ನೂರು ರೂಪಾಯಿ ಕೈಬಿಟ್ಟರೆ ಯಾರೂ ಅಂಗಡಿ ಮುಚ್ಚುವುದಿಲ್ಲ. ಆದರೆ ಆರು ತಿಂಗಳು ಪ್ರತಿದಿನವೂ ಐದು ರೂಪಾಯಿ ಖರ್ಚಿಗೆ ಮೂರು ರೂಪಾಯಿ ಮಾತ್ರ ಗಲ್ಲಾಪೆಟ್ಟಿಗೆಗೆ ಬೀಳುತ್ತಿದ್ದರೆ ಅಂಗಡಿ ಎಲ್ಲಿಗೆ ಬರುತ್ತದೆ?

ಗಳಿಸಿದ ರನ್ ಮತ್ತು ಕೊಟ್ಟ ರನ್‌ಗಳಿಂದ ಒಂದು ತಂಡ ಎಷ್ಟು ಪಂದ್ಯ ಗೆಲ್ಲಬೇಕಿತ್ತು ಎಂದು ಅಂದಾಜು ಮಾಡುವ ಸೂತ್ರವೊಂದಿದೆ. ಬೇಸ್‌ಬಾಲ್ ಅಂಕಿಅಂಶಗಳ ಅಧ್ಯಯನಕ್ಕೆ ದಾರಿ ತೋರಿಸಿದ ಬಿಲ್ ಜೇಮ್ಸ್ ರೂಪಿಸಿದ್ದು. ನೋಡಲು ಶಾಲೆಯ ಪೈಥಾಗೊರಸ್ ಪ್ರಮೇಯದಂತಿರುವುದರಿಂದ ಅದಕ್ಕೆ ಅದೇ ಹೆಸರು. ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ಮತ್ತು ಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಬೇಕು. 507ರ ವರ್ಗ 2,57,049; 813ರ ವರ್ಗ 6,60,969. ಭಾಗಿಸಿದರೆ 0.28. ಅದನ್ನು 162ರಿಂದ ಗುಣಿಸಿದರೆ ಸುಮಾರು 45 ಗೆಲುವು. ಸಿಕ್ಕಿದ್ದು 41. ದುರದೃಷ್ಟ ನಾಲ್ಕು ಪಂದ್ಯ ಕಸಿದುಕೊಂಡಿತು ಎಂದೇ ಇಟ್ಟುಕೊಳ್ಳೋಣ. ಆ ನಾಲ್ಕನ್ನು ಮರಳಿಸಿದರೂ 117 ಸೋಲು ಉಳಿಯುತ್ತವೆ. ಅವುಗಳ ಕಾರಣ ಹುಡುಕಲು ಎಂಟು ವರ್ಷ ಹಿಂದಕ್ಕೆ ಹೋಗಬೇಕು.

ತೋಟ ಕಡಿದು ಸಸಿ ನೆಟ್ಟದ್ದು

ಮಲೆನಾಡಿನಲ್ಲಿ ಹಳೆಯ ಅಡಿಕೆ ತೋಟ ಇಳುವರಿ ಕಳೆದುಕೊಂಡಾಗ ಕೆಲವರು ಧೈರ್ಯ ಮಾಡಿ ಮರಗಳನ್ನು ಕಡಿದು ಹೊಸ ಸಸಿ ಹಾಕುತ್ತಾರೆ. ಫಸಲು ಬರಲು ಐದಾರು ವರ್ಷ ಬೇಕು ಎಂಬುದು ಗೊತ್ತಿದ್ದೇ ಇಳಿದಿರುತ್ತಾರೆ. ಅಮೆರಿಕದ ಕ್ರೀಡಾ ತಂಡಗಳೂ ಇದೇ ಕೆಲಸ ಮಾಡುತ್ತವೆ. ಅದನ್ನು ಅಲ್ಲಿ ರೀಬಿಲ್ಡ್, ಅಂದರೆ ಮರುನಿರ್ಮಾಣ, ಎನ್ನುತ್ತಾರೆ. ಹೆಸರಾದ ಆಟಗಾರರನ್ನು ಬೇರೆ ತಂಡಗಳಿಗೆ ಕೊಟ್ಟು, ಬದಲಿಗೆ ಆ ತಂಡಗಳು ಬೆಳೆಸುತ್ತಿರುವ ಎಳೆಯರನ್ನು ಪಡೆಯುವುದು; ಕೆಲವು ವರ್ಷ ಸೋಲನ್ನು ಒಪ್ಪಿಕೊಂಡು ಅವರು ಬಲಿಯುವವರೆಗೆ ಕಾಯುವುದು. ಹೀಗೆ ಆಟಗಾರರನ್ನು ಅದಲುಬದಲು ಮಾಡುವುದೇ ಟ್ರೇಡ್. ಎಳೆಯರು ಆಡುವ ಕೆಳಹಂತದ ಲೀಗ್‌ಗಳಿಗೆ ಮೈನರ್ ಲೀಗ್ ಎಂದು ಹೆಸರು. ಪ್ರತಿ ತಂಡಕ್ಕೂ ಅಲ್ಲಿ ತನ್ನದೇ ಆದ ಸಸಿಮಡಿ ಇರುತ್ತದೆ.

ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಇದು ಆಗದ ಮಾತು, ಏಕೆಂದರೆ ಪಟ್ಟಿಯ ತಳದಲ್ಲಿ ಉಳಿದವರನ್ನು ಕೆಳಗಿನ ಲೀಗ್‌ಗೆ ಇಳಿಸಿಬಿಡುತ್ತಾರೆ. ಅಮೆರಿಕದಲ್ಲಿ ಆ ಭಯವಿಲ್ಲ. ಎಷ್ಟು ಸೋತರೂ ಮುಂದಿನ ವರ್ಷ ಅದೇ ಲೀಗ್, ಅದೇ ಮೈದಾನ. ಐಪಿಎಲ್‌ನಲ್ಲಿ ಕೆಲವು ವರ್ಷಗಳಿಗೊಮ್ಮೆ ಮಹಾ ಹರಾಜು ನಡೆದು ಎಲ್ಲರೂ ಹೆಚ್ಚುಕಡಿಮೆ ಒಂದೇ ಗೆರೆಯಿಂದ ಮತ್ತೆ ಓಟ ಆರಂಭಿಸುತ್ತಾರೆ. ಎಲ್ಲ ತಂಡಗಳ ಥೈಲಿಯೂ ಒಂದೇ ಅಳತೆಯದು. ಬೇಸ್‌ಬಾಲ್‌ನಲ್ಲಿ ಅಂಥ ಹರಾಜೂ ಇಲ್ಲ, ಖರ್ಚಿಗೆ ಕಟ್ಟುನಿಟ್ಟಿನ ಮಿತಿಯೂ ಇಲ್ಲ. ಒಮ್ಮೆ ತಪ್ಪಿದ ಲೆಕ್ಕ ವರ್ಷಗಟ್ಟಲೆ ಹಿಂದೆ ಬರುತ್ತದೆ.

ವೈಟ್ ಸಾಕ್ಸ್ ತೋಟ ಕಡಿಯಲು ಆರಂಭಿಸಿದ್ದು 2016ರ ಡಿಸೆಂಬರ್‌ನಲ್ಲಿ. ತಂಡದ ಅತ್ಯುತ್ತಮ ಪಿಚರ್ ಕ್ರಿಸ್ ಸೇಲ್ ಅವರನ್ನು ಬಾಸ್ಟನ್‌ಗೆ ಕೊಟ್ಟು ಯೋಆನ್ ಮೊಂಕಾಡಾ, ಮೈಕಲ್ ಕೋಪೆಕ್ ಮುಂತಾದ ಎಳೆಯರನ್ನು ಪಡೆದರು. ಅದೇ ತಿಂಗಳು ಆ್ಯಡಮ್ ಈಟನ್ ವಾಷಿಂಗ್ಟನ್‌ಗೆ ಹೋದರು. ಪಿಚರ್ ಲುಕಾಸ್ ಜಿಯೊಲಿಟೊ ಬಂದರು. 2017ರಲ್ಲಿ ಹೊಸೆ ಕಿಂಟಾನಾ ಅವರನ್ನು ನಗರದ ಇನ್ನೊಂದು ತಂಡವಾದ ಕಬ್ಸ್‌ಗೆ ಬಿಟ್ಟುಕೊಟ್ಟು ಇಲೋಯ್ ಹಿಮೆನೆಸ್ ಮತ್ತು ಡಿಲನ್ ಸೀಸ್ ಅವರನ್ನು ಕರೆತಂದರು. ಎಣಿಸಿದಂತೆಯೇ 2018ರಲ್ಲಿ 100 ಪಂದ್ಯ ಸೋತರು. ಅಭಿಮಾನಿಗಳು ಸಹಿಸಿದರು. ಸಸಿ ಬೆಳೆಯುತ್ತಿದೆ, ಕಾಯೋಣ ಎಂದರು.

ಸಸಿಗಳು ಬೆಳೆದವು ಕೂಡ. ಮೇಜರ್ ಲೀಗ್‌ನಲ್ಲಿ ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎಂಬ ಎರಡು ಭಾಗಗಳಿವೆ; ವೈಟ್ ಸಾಕ್ಸ್ ಇರುವುದು ಮೊದಲನೆಯದರಲ್ಲಿ. 2019ರಲ್ಲಿ ಟಿಮ್ ಆ್ಯಂಡರ್ಸನ್ ಅಮೆರಿಕನ್ ಲೀಗ್‌ನ ಶ್ರೇಷ್ಠ ಬ್ಯಾಟಿಂಗ್ ಸರಾಸರಿ ಗಳಿಸಿದರು. 2020ರಲ್ಲಿ ಹೊಸೆ ಅಬ್ರೇಯು ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದರು. ಆ ವರ್ಷ ತಂಡ 2008ರ ನಂತರ ಮೊದಲ ಬಾರಿಗೆ ಪ್ಲೇಆಫ್ ತಲುಪಿತು. 2021ರಲ್ಲಿ 93 ಗೆಲುವುಗಳೊಡನೆ ತನ್ನ ವಿಭಾಗದಲ್ಲಿ ಮೊದಲ ಸ್ಥಾನ. ಇನ್ನು ಹಲವು ವರ್ಷ ಇವರದೇ ಕಾಲ ಎಂದು ಬಹಳ ಜನ ನಂಬಿದ್ದರು. ಮೂರು ವರ್ಷಗಳ ನಂತರ ಅದೇ ತಂಡ 121 ಸೋಲು ಕಂಡಿತು.

ಫಸಲಿನ ಕಾಲದಲ್ಲೇ ಸೊರಗಿದ್ದು

ತೋಟ ಬಲ್ಲವರಿಗೆ ಒಂದು ವಿಷಯ ಗೊತ್ತಿರುತ್ತದೆ. ನೆಟ್ಟ ಸಸಿಗಳೆಲ್ಲ ಉಳಿಯುವುದಿಲ್ಲ. ಕೆಲವಕ್ಕೆ ರೋಗ ಬರುತ್ತದೆ, ಕೆಲವು ಗಾಳಿಗೆ ಬೀಳುತ್ತವೆ. ಅದಕ್ಕೇ ಖಾಲಿ ಗುಂಡಿ ತುಂಬಲು ಹಿತ್ತಲಿನಲ್ಲಿ ಒಂದಿಷ್ಟು ಸಸಿ ಸದಾ ಸಿದ್ಧವಿರಬೇಕು. ಫಸಲು ಬರುವ ತನಕ ನಡುವೆ ಬಾಳೆ ಹಾಕಿ ಮನೆಯ ಖರ್ಚು ತೂಗಿಸಬೇಕು. ವೈಟ್ ಸಾಕ್ಸ್ ಈ ಎರಡರಲ್ಲೂ ಎಡವಿತು.

ಮೊದಲನೆಯದು ಗಾಯ. ಹಿಮೆನೆಸ್, ಮೊಂಕಾಡಾ, ಕ್ಯೂಬಾದಿಂದ ಬಂದ ಲೂಯಿಸ್ ರಾಬರ್ಟ್ ಜೂನಿಯರ್ — ಈ ಮೂವರ ಸುತ್ತ ತಂಡದ ಬ್ಯಾಟಿಂಗ್ ಕಟ್ಟಲಾಗಿತ್ತು. ಮೂವರೂ ಮತ್ತೆ ಮತ್ತೆ ಗಾಯಗೊಂಡರು. ಯಾವ ತಂಡಕ್ಕೂ ಗಾಯ ತಪ್ಪಿದ್ದಲ್ಲ. ಆದರೆ ಇಲ್ಲಿ ಅವರ ಜಾಗಕ್ಕೆ ಕಳುಹಿಸಲು ಸಸಿಮಡಿಯಲ್ಲಿ ಅವರ ಸಮಕ್ಕೆ ನಿಲ್ಲುವವರು ಇರಲಿಲ್ಲ. ಸಿಕ್ಕಿದ್ದನ್ನೆಲ್ಲ ಒಂದೇ ಸಲ ನೆಟ್ಟಾಗಿತ್ತು.

ಎರಡನೆಯದು ಹಣ. ಒಪ್ಪಂದ ಮುಗಿದ ಆಟಗಾರ ತನಗೆ ಬೇಕಾದ ತಂಡದೊಡನೆ ಹೊಸ ಒಪ್ಪಂದ ಮಾಡಿಕೊಳ್ಳಬಹುದು; ಅವನನ್ನು ಫ್ರೀ ಏಜೆಂಟ್ ಎನ್ನುತ್ತಾರೆ. ತಂಡದಲ್ಲಿರುವ ಕೊರತೆಗಳನ್ನು ತುಂಬಲು ಇರುವ ದಾರಿ ಇದು, ಆದರೆ ದುಬಾರಿ. 2023ರ ಡಿಸೆಂಬರ್‌ನಲ್ಲಿ ಡಾಡ್ಜರ್ಸ್ ತಂಡ ಜಪಾನಿನ ಶೊಹೆ ಒಟಾನಿ ಅವರಿಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. ವೈಟ್ ಸಾಕ್ಸ್ ತನ್ನ ಇತಿಹಾಸದಲ್ಲಿ ಅಲ್ಲಿಯವರೆಗೆ ಒಬ್ಬ ಆಟಗಾರನಿಗೆ ಕೊಟ್ಟ ಅತಿ ದೊಡ್ಡ ಒಪ್ಪಂದ 7.5 ಕೋಟಿ ಡಾಲರ್‌ನದು: 2022ರ ಡಿಸೆಂಬರ್‌ನಲ್ಲಿ ಆ್ಯಂಡ್ರೂ ಬೆನಿಂಟೆಂಡಿ ಅವರಿಗೆ ಐದು ವರ್ಷಗಳಿಗೆ. ಶಿಕಾಗೊ ಸಣ್ಣ ಊರಲ್ಲ; ಅಮೆರಿಕದ ಮೂರನೆಯ ಅತಿ ದೊಡ್ಡ ನಗರ. 1981ರಿಂದ ತಂಡ ಜೆರಿ ರೈನ್ಸ್‌ಡಾರ್ಫ್ ಅವರ ಒಡೆತನದಲ್ಲಿದೆ. ಬಾಸ್ಕೆಟ್‌ಬಾಲ್‌ನ ಶಿಕಾಗೊ ಬುಲ್ಸ್ ತಂಡದ ಒಡೆತನವೂ ಅವರದೇ.

ಮೂರನೆಯದು ಮುಂದಾಳುಗಳ ಆಯ್ಕೆ. ಬೇಸ್‌ಬಾಲ್‌ನಲ್ಲಿ ಮೈದಾನದ ತೀರ್ಮಾನಗಳೆಲ್ಲ ಮ್ಯಾನೇಜರ್‌ನವು. ನಮ್ಮ ನಾಯಕ ಮತ್ತು ಕೋಚ್ ಇಬ್ಬರ ಕೆಲಸವನ್ನೂ ಅವರೇ ಮಾಡುತ್ತಾರೆ. ಎಳೆಯರ ತಂಡ ಅರಳುತ್ತಿದ್ದ 2020ರ ಅಕ್ಟೋಬರ್‌ನಲ್ಲಿ ಮಾಲೀಕರು ಆ ಸ್ಥಾನಕ್ಕೆ ಕರೆತಂದದ್ದು 76 ವರ್ಷದ ಟೋನಿ ಲಾ ರುಸ್ಸಾ ಅವರನ್ನು. ಅವರು ಆಟದ ಮಹಾಮಹಿಮರಲ್ಲಿ ಒಬ್ಬರು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ 2011ರ ನಂತರ ಅವರು ಯಾವ ತಂಡವನ್ನೂ ನಡೆಸಿರಲಿಲ್ಲ. 2022ರಲ್ಲಿ ಅನಾರೋಗ್ಯದಿಂದ ಅವರು ಹಿಂದೆ ಸರಿದರು; ಆ ವರ್ಷ ತಂಡ 81 ಗೆದ್ದು 81 ಸೋತಿತು. ನಂತರ ಬಂದ ಪೆಡ್ರೊ ಗ್ರಿಫೋಲ್ ಅದಕ್ಕೆ ಮೊದಲು ಮೇಜರ್ ಲೀಗ್ ತಂಡದ ಮ್ಯಾನೇಜರ್ ಆಗಿ ಕೆಲಸ ಮಾಡಿದವರಲ್ಲ. 2023ರಲ್ಲಿ 101 ಸೋಲು. ಆ ವರ್ಷದ ಆಗಸ್ಟ್‌ನಲ್ಲಿ ಮಾಲೀಕರು ತಂಡ ಕಟ್ಟುವ ಹೊಣೆ ಹೊತ್ತಿದ್ದ ಕೆನ್ ವಿಲಿಯಮ್ಸ್ ಮತ್ತು ರಿಕ್ ಹಾನ್ ಇಬ್ಬರನ್ನೂ ತೆಗೆದುಹಾಕಿದರು. ಹೊರಗಿನವರನ್ನು ಹುಡುಕದೆ, ಅದುವರೆಗೆ ಸಸಿಮಡಿಯ ಉಸ್ತುವಾರಿ ನೋಡುತ್ತಿದ್ದ ಕ್ರಿಸ್ ಗೆಟ್ಜ್ ಅವರನ್ನೇ ಮೇಲಕ್ಕೇರಿಸಿದರು.

ಗೆಟ್ಜ್ ಮತ್ತೆ ಕೊಡಲಿ ಎತ್ತಿಕೊಂಡರು. 2024ರ ಋತು ಆರಂಭವಾಗಲು ಎರಡು ವಾರ ಇರುವಾಗ ಡಿಲನ್ ಸೀಸ್ ಸ್ಯಾನ್ ಡಿಯಾಗೊ ತಂಡಕ್ಕೆ ಹೋದರು. ತೋಟದಲ್ಲಿ ಹಳೆಯ ಮರವಿಲ್ಲ, ಹೊಸ ಸಸಿ ಇನ್ನೂ ಮೊಣಕಾಲೆತ್ತರ. ನಡುವೆ ಬಾಳೆಯೂ ಇಲ್ಲ. ಆ ಸ್ಥಿತಿಯಲ್ಲಿ ಅವರು ಮಾರ್ಚ್ 28ರಂದು ಮೈದಾನಕ್ಕಿಳಿದರು.

ಆ ಆರು ತಿಂಗಳು

ಎರಡು ವಾರ ಕಳೆಯುವ ಮೊದಲೇ ಹಿಮೆನೆಸ್, ರಾಬರ್ಟ್, ಮೊಂಕಾಡಾ ಮೂವರೂ ಒಬ್ಬರ ಹಿಂದೆ ಒಬ್ಬರು ಗಾಯಗೊಂಡು ಹೊರಬಿದ್ದರು. ಮೊಂಕಾಡಾ ವರ್ಷವಿಡೀ ಆಡಿದ್ದು 12 ಪಂದ್ಯ. ಮೊದಲ 25 ಪಂದ್ಯಗಳಲ್ಲಿ ತಂಡ ಗೆದ್ದದ್ದು ಮೂರು. ಮೇ ತಿಂಗಳ ಕೊನೆಯಿಂದ ಸತತ 14 ಸೋಲು. ಜುಲೈ 10ರಿಂದ ಆಗಸ್ಟ್ 5ರವರೆಗೆ ಸತತ 21 ಸೋಲು. ಅಮೆರಿಕನ್ ಲೀಗ್‌ನಲ್ಲಿ ಅದಕ್ಕೆ ಸಮನಾದದ್ದು 1988ರ ಬಾಲ್ಟಿಮೋರ್ ತಂಡದ್ದು ಮಾತ್ರ. ಆಗಸ್ಟ್ 6ರಂದು ಓಕ್‌ಲೆಂಡ್‌ನಲ್ಲಿ 5-1ರ ಗೆಲುವು ಸಿಕ್ಕಿತು. ಎರಡು ದಿನಗಳ ನಂತರ ಗ್ರಿಫೋಲ್ ಅವರನ್ನು ವಜಾ ಮಾಡಲಾಯಿತು. ಹಿಂದೆ ಆಟಗಾರರಾಗಿ ಹೆಸರು ಮಾಡಿದ್ದ ಗ್ರೇಡಿ ಸೈಜ್‌ಮೋರ್ ಉಳಿದ 45 ಪಂದ್ಯಗಳಿಗೆ ಹಂಗಾಮಿ ಮ್ಯಾನೇಜರ್. ಅವರ ಕೈಯಲ್ಲಿ 13 ಗೆಲುವು, 32 ಸೋಲು. ಮ್ಯಾನೇಜರ್ ಬದಲಾದರೂ ಅನುಪಾತದಲ್ಲಿ ದೊಡ್ಡ ವ್ಯತ್ಯಾಸವಾಗಲಿಲ್ಲ. ಆಡುವವರು ಅವರೇ ಇದ್ದರು.

ಆ ಸೋಲಿನ ಸರಣಿಯ ನಡುವೆ, ಜುಲೈ 25ರಂದು, ಡಿಲನ್ ಸೀಸ್ ಸ್ಯಾನ್ ಡಿಯಾಗೊ ಪರವಾಗಿ ನೋ ಹಿಟ್ಟರ್ ಎಸೆದರು. ಇಡೀ ಪಂದ್ಯದಲ್ಲಿ ಎದುರಾಳಿಗೆ ಒಂದೇ ಒಂದು ಹಿಟ್ ಕೂಡ, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಸೇರುವ ಹೊಡೆತ, ಸಿಗದಂತೆ ಮಾಡುವುದು ಎಂದು ಅದರ ಅರ್ಥ. ಪಿಚರ್‌ನ ಬದುಕಿನಲ್ಲಿ ಒಮ್ಮೆ ಆದರೂ ದೊಡ್ಡದು. ಎಂಟು ವರ್ಷ ಹಿಂದೆ ಕೊಟ್ಟುಬಿಟ್ಟಿದ್ದ ಕ್ರಿಸ್ ಸೇಲ್ ಅದೇ 2024ರಲ್ಲಿ ಅಟ್ಲಾಂಟಾ ಪರ 18 ಪಂದ್ಯ ಗೆದ್ದು (ಪಂದ್ಯದ ಗೆಲುವು ಸೋಲನ್ನು ಅಲ್ಲಿ ಒಬ್ಬ ಪಿಚರ್‌ನ ಹೆಸರಿಗೂ ಬರೆಯುತ್ತಾರೆ) ನ್ಯಾಷನಲ್ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದರು. ವೈಟ್ ಸಾಕ್ಸ್ ಅಭಿಮಾನಿಗಳು ಇವೆರಡನ್ನೂ ಅದೇ ವರ್ಷ ನೋಡಬೇಕಾಯಿತು.

ತಂಡದಲ್ಲಿ ಒಬ್ಬ ನಿಜವಾದ ತಾರೆ ಉಳಿದಿದ್ದರು: ಎಡಗೈ ಪಿಚರ್ ಗ್ಯಾರೆಟ್ ಕ್ರೊಶೆ. 146 ಇನಿಂಗ್ಸ್‌ಗಳಲ್ಲಿ 209 ಬ್ಯಾಟರ್‌ಗಳನ್ನು ಚೆಂಡು ಹೊಡೆಯಗೊಡದೆ ಔಟ್ ಮಾಡಿದರು, ಲೀಗ್‌ನ ಶ್ರೇಷ್ಠರು ಆಡುವ ಆಲ್ ಸ್ಟಾರ್ ಪಂದ್ಯಕ್ಕೂ ಆಯ್ಕೆಯಾದರು. ಆದರೂ ಅವರ ಹೆಸರಿನಲ್ಲಿ 6 ಗೆಲುವು, 12 ಸೋಲು. ಮೊದಲೇ ಹೇಳಿದ ಆಟದ ಸ್ವಭಾವ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಐದು ದಿನಕ್ಕೊಮ್ಮೆ ಅವರ ಸರದಿ. ಮೊಣಕೈ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡಿದ್ದ ಅವರ ತೋಳನ್ನು ಕಾಪಾಡಲು ಋತುವಿನ ದ್ವಿತೀಯಾರ್ಧದಲ್ಲಿ ಬೇಗನೆ ಹೊರತೆಗೆಯುತ್ತಿದ್ದರು. ಆಮೇಲೆ ದುರ್ಬಲ ಬುಲ್‌ಪೆನ್ ಉಳಿದ ಇನಿಂಗ್ಸ್‌ಗಳನ್ನು ಹೊರಬೇಕು. ಬ್ಯಾಟರ್‌ಗಳು ಗಳಿಸಿಕೊಡುತ್ತಿದ್ದದ್ದು ಮೂರು ರನ್. ಸರದಿಯ ಇನ್ನಿಬ್ಬರ ಲೆಕ್ಕ ಇನ್ನೂ ನೋವಿನದು. ಕ್ರಿಸ್ ಫ್ಲೆಕ್ಸನ್ 3 ಗೆಲುವು, 15 ಸೋಲು. ಮೈಕ್ ಸೊರೊಕಾ ಅವರ ಖಾತೆಯಲ್ಲಿ ಹತ್ತು ಸೋಲು, ಗೆಲುವು ಒಂದೂ ಇಲ್ಲ.

ಸೆಪ್ಟೆಂಬರ್ 22ಕ್ಕೆ 36 ಗೆಲುವು, 120 ಸೋಲು. ಒಂದು ಋತುವಿನ ಅತಿ ಹೆಚ್ಚು ಸೋಲಿನ ದಾಖಲೆಗೆ ಒಂದೇ ಸೋಲು ಬಾಕಿ. ನಂತರ ತವರಿನಲ್ಲಿ ಲಾಸ್ ಏಂಜಲೀಸ್ ಏಂಜಲ್ಸ್ ವಿರುದ್ಧದ ಮೂರೂ ಪಂದ್ಯಗಳನ್ನು ಗೆದ್ದರು. ಮೈದಾನದಲ್ಲಿ ಪ್ರೇಕ್ಷಕರು ಮಾಲೀಕರನ್ನು ಉದ್ದೇಶಿಸಿ ತಂಡವನ್ನು ಮಾರಿಬಿಡಿ ಎಂದು ಕೂಗುತ್ತಿದ್ದರು. 121ನೆಯ ಸೋಲು ಬಂದದ್ದು ಸೆಪ್ಟೆಂಬರ್ 27ರ ಶುಕ್ರವಾರ, ಡೆಟ್ರಾಯಿಟ್‌ನಲ್ಲಿ, 4-1ರಿಂದ. ಆ ಗೆಲುವಿನಿಂದ ಡೆಟ್ರಾಯಿಟ್ ಟೈಗರ್ಸ್ 2014ರ ನಂತರ ಮೊದಲ ಬಾರಿಗೆ ಪ್ಲೇಆಫ್ ಸೇರಿತು. ಒಂದೇ ಮೈದಾನದಲ್ಲಿ ಒಂದು ತಂಡ ಕುಣಿಯುತ್ತಿತ್ತು, ಇನ್ನೊಂದು ತಲೆ ತಗ್ಗಿಸಿ ಒಳಗೆ ಹೋಗುತ್ತಿತ್ತು. ಕೊನೆಯ ಎರಡು ದಿನ ವೈಟ್ ಸಾಕ್ಸ್ ಗೆದ್ದಿತು. ಆರರಲ್ಲಿ ಐದು ಗೆಲುವು. ಅವರು ಸೋಲಲೆಂದು ಆಡುತ್ತಿದ್ದರು ಎಂಬ ಮಾತನ್ನು ನಾನು ಒಪ್ಪದಿರುವುದಕ್ಕೆ ಆ ಕೊನೆಯ ವಾರವೇ ಕಾರಣ. ತಂಡ ಕಟ್ಟುವವರು ಸೋಲನ್ನು ಮೊದಲೇ ಲೆಕ್ಕ ಹಾಕಿರಬಹುದು. ಬ್ಯಾಟು ಹಿಡಿದು ನಿಂತವನ ಲೆಕ್ಕದಲ್ಲಿ ಅದು ಇರುವುದಿಲ್ಲ.

ದಾಖಲೆ ಎಂದರೆ ಯಾವ ದಾಖಲೆ?

ಸುದ್ದಿಗಳಲ್ಲಿ ಇದನ್ನು ‘ಆಧುನಿಕ ಯುಗದ’ ದಾಖಲೆ ಎಂದು ಬರೆಯುತ್ತಾರೆ. ಆಧುನಿಕ ಎಂದರೆ 1901ರಿಂದ ಈಚೆಗೆ. 1899ರಲ್ಲಿ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ಎಂಬ ತಂಡ 20 ಗೆದ್ದು 134 ಸೋತಿತ್ತು. ಅದರ ಮಾಲೀಕರು ಸೇಂಟ್ ಲೂಯಿಸ್‌ನಲ್ಲಿ ಇನ್ನೊಂದು ತಂಡ ಕೊಂಡು, ಒಳ್ಳೆಯ ಆಟಗಾರರನ್ನೆಲ್ಲ ಅಲ್ಲಿಗೆ ಸಾಗಿಸಿಬಿಟ್ಟಿದ್ದರು. ಪ್ರಶಸ್ತಿಗೆ ಹೆಸರು ಕೊಟ್ಟ ಸೈ ಯಂಗ್ ಕೂಡ ಹಾಗೆ ಹೋದವರೇ.

ವೈಟ್ ಸಾಕ್ಸ್ ಮುರಿದದ್ದು 1962ರ ನ್ಯೂಯಾರ್ಕ್ ಮೆಟ್ಸ್ ತಂಡದ 120 ಸೋಲಿನ ದಾಖಲೆಯನ್ನು. ಮೆಟ್ಸ್‌ಗೆ ಅದು ಹುಟ್ಟಿದ ವರ್ಷ. ಬೇರೆ ತಂಡಗಳು ಬೇಡವೆಂದು ಬಿಟ್ಟವರನ್ನೇ ಹೆಚ್ಚಾಗಿ ಸೇರಿಸಿಕೊಂಡು ಆಡಿದ್ದರು. ವೈಟ್ ಸಾಕ್ಸ್ 1901ರಿಂದಲೂ ಇರುವ ತಂಡ, ಮೂರು ವರ್ಷ ಹಿಂದೆ ತನ್ನ ವಿಭಾಗ ಗೆದ್ದ ತಂಡ. ಅಭಿಮಾನಿಗಳಿಗೆ ಹೆಚ್ಚು ಚುಚ್ಚಿದ್ದು ಈ ವ್ಯತ್ಯಾಸ. ಆದರೆ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಮೆಟ್ಸ್ ಫಲಿತಾಂಶ ಕಂಡ 160 ಪಂದ್ಯಗಳಲ್ಲಿ ಗೆದ್ದದ್ದು 40, ಅಂದರೆ ಶೇ 25. ವೈಟ್ ಸಾಕ್ಸ್‌ನದು ಶೇ 25.3. 1916ರ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡದ್ದು 36-117, ಶೇ 23.5. ಸೋಲಿನ ಸಂಖ್ಯೆಯಲ್ಲಿ ವೈಟ್ ಸಾಕ್ಸ್ ಮೊದಲು; ಸೋಲಿನ ಪ್ರಮಾಣದಲ್ಲಿ ಅಲ್ಲ.

ಸೋತವರಿಗೆ ಸಿಗಬೇಕಿದ್ದ ಬಹುಮಾನ

ಅಮೆರಿಕದ ಲೀಗ್‌ಗಳಲ್ಲಿ ಸೋತವರಿಗೆ ಒಂದು ಸಮಾಧಾನವಿದೆ. ಶಾಲೆ ಕಾಲೇಜುಗಳಿಂದ ಬರುವ ಹೊಸ ಪ್ರತಿಭೆಗಳನ್ನು ತಂಡಗಳು ಪ್ರತಿ ವರ್ಷ ಸರದಿಯಲ್ಲಿ ಆರಿಸಿಕೊಳ್ಳುತ್ತವೆ. ಇದೇ ಡ್ರಾಫ್ಟ್. ತಳದಲ್ಲಿರುವ ತಂಡಕ್ಕೆ ಮೊದಲ ಆಯ್ಕೆ ಎಂಬುದು ಹಿಂದಿನ ಪದ್ಧತಿ. ಇದರಿಂದ ಬೇಕೆಂದೇ ಸೋಲುವವರು ಹೆಚ್ಚುತ್ತಾರೆ ಎಂಬ ಕಳವಳ ಹುಟ್ಟಿ, 2022ರಲ್ಲಿ ಆಟಗಾರರ ಸಂಘ ಮತ್ತು ಮಾಲೀಕರ ನಡುವೆ ಆದ ಒಪ್ಪಂದದಲ್ಲಿ ನಿಯಮ ಬದಲಾಯಿತು. ಮೊದಲ ಆರು ಆಯ್ಕೆಗಳನ್ನು ಈಗ ಚೀಟಿ ಎತ್ತಿ ನಿರ್ಧರಿಸುತ್ತಾರೆ. ಅದರ ಜೊತೆಗೆ ಇನ್ನೊಂದು ಷರತ್ತು: ದೊಡ್ಡ ನಗರದ, ಹೆಚ್ಚು ಆದಾಯದ ತಂಡಕ್ಕೆ ಒಂದು ವರ್ಷ ಆ ಮೊದಲ ಆರರಲ್ಲಿ ಜಾಗ ಸಿಕ್ಕಿದರೆ ಮರುವರ್ಷ ಸಿಗುವುದಿಲ್ಲ.

2024ರ ಡ್ರಾಫ್ಟ್‌ನಲ್ಲಿ ವೈಟ್ ಸಾಕ್ಸ್‌ಗೆ ಐದನೆಯ ಆಯ್ಕೆ ಸಿಕ್ಕಿತ್ತು. ಹೀಗಾಗಿ 121 ಪಂದ್ಯ ಸೋತ ನಂತರ ಬಂದ 2025ರ ಡ್ರಾಫ್ಟ್‌ನಲ್ಲಿ ಅವರಿಗೆ ದಕ್ಕಿದ್ದು ಹತ್ತನೆಯ ಸ್ಥಾನ. ಮೊದಲ ಆಯ್ಕೆ ವಾಷಿಂಗ್ಟನ್‌ಗೆ ಹೋಯಿತು. ಲೀಗ್‌ನಲ್ಲಿ ಎಲ್ಲರಿಗಿಂತ ಹಿಂದೆ ಉಳಿದೂ ಸಸಿ ಆರಿಸುವಾಗ ಒಂಬತ್ತು ತಂಡಗಳ ಹಿಂದೆ ನಿಲ್ಲಬೇಕಾಯಿತು.

ಆಮೇಲೆ

2024ರ ಡಿಸೆಂಬರ್‌ನಲ್ಲಿ ಕ್ರೊಶೆ ಕೂಡ ಬಾಸ್ಟನ್‌ಗೆ ಹೋದರು. ಬದಲಿಗೆ ಕೈಲ್ ಟೀಲ್, ಚೇಸ್ ಮೈಡ್ರಾತ್ ಸೇರಿದಂತೆ ನಾಲ್ವರು ಎಳೆಯರು ಬಂದರು. ಎಂಟು ವರ್ಷ ಹಿಂದೆ ಸೇಲ್ ಹೋದದ್ದೂ ಅದೇ ಊರಿಗೆ, ಅದೇ ತಿಂಗಳಲ್ಲಿ. ವಿಲ್ ವೆನಬಲ್ ಹೊಸ ಮ್ಯಾನೇಜರ್ ಆದರು. 2025ರಲ್ಲಿ ತಂಡ 60 ಗೆದ್ದು 102 ಸೋತಿತು. ಸತತ ಮೂರನೆಯ ವರ್ಷ ಸೋಲು ನೂರು ದಾಟಿತಾದರೂ ಗೆಲುವು ಹತ್ತೊಂಬತ್ತು ಹೆಚ್ಚಿತು. ಟೀಲ್ ಮತ್ತು ಮೈಡ್ರಾತ್ ಅದೇ ವರ್ಷ ಮೇಜರ್ ಲೀಗ್‌ನಲ್ಲಿ ಆಡಿದರು. ವೈಟ್ ಸಾಕ್ಸ್‌ನದೇ ಸಸಿಮಡಿಯಲ್ಲಿ ಬೆಳೆದ ಕೋಲ್ಸನ್ ಮಾಂಟ್ಗೊಮರಿ ಜುಲೈನಲ್ಲಿ ತಂಡ ಸೇರಿ, ಋತು ಮುಗಿಯುವಷ್ಟರಲ್ಲಿ 21 ಹೋಮ್ ರನ್ ಹೊಡೆದಿದ್ದರು.

ಪ್ರೇಕ್ಷಕರ ಕೂಗಿಗೂ ಒಂದು ಬಗೆಯ ಉತ್ತರ ಸಿಕ್ಕಿತು. ಪೋಪ್ ಟೋಪಿ ಧರಿಸಿದ ಆ ಜೂನ್ ತಿಂಗಳಲ್ಲೇ ರೈನ್ಸ್‌ಡಾರ್ಫ್ ಹೂಡಿಕೆದಾರ ಜಸ್ಟಿನ್ ಇಶ್‌ಬಿಯಾ ಅವರೊಡನೆ ಮಾಡಿಕೊಂಡ ಒಪ್ಪಂದ ಪ್ರಕಟವಾಯಿತು. ಅದರ ಪ್ರಕಾರ 2029ರಿಂದ 2033ರ ನಡುವೆ ರೈನ್ಸ್‌ಡಾರ್ಫ್ ಬಯಸಿದರೆ ತಂಡದ ನಿಯಂತ್ರಣವನ್ನು ಇಶ್‌ಬಿಯಾ ಅವರಿಗೆ ಮಾರಬಹುದು. ಅದಕ್ಕೆ ಮೊದಲು ಮಾರಬೇಕೆಂಬ ಕಟ್ಟುಪಾಡು ಒಪ್ಪಂದದಲ್ಲಿಲ್ಲ. ಕೂಗು ಹಾಕಿದವರು ಕಡಿಮೆಯೆಂದರೂ 2029ರವರೆಗೆ ಕಾಯಬೇಕು; ಒಂದು ಅಡಿಕೆ ಸಸಿ ಫಸಲಿಗೆ ಬರುವಷ್ಟು ಕಾಲ.